ಮುಖಕ್ಕೆ ಬಣ್ಣ: ಬೆರಳಿನಿಂದ ಸ್ಪಂಜಿನವರೆಗೆ

ನಿಮ್ಮ ಶಾಲೆಯ ವಾರ್ಷಿಕೋತ್ಸವದ ಸಂಜೆಯನ್ನು ನೆನಪಿಸಿಕೊಳ್ಳಿ. ಪರದೆ ಏಳಲು ಇನ್ನು ಅರ್ಧ ಗಂಟೆ ಇದೆ. ನಾಟಕಕ್ಕೂ ನೃತ್ಯಕ್ಕೂ ಸೇರಿ ಮೂವತ್ತು ಮಕ್ಕಳು ಸಾಲಾಗಿ ನಿಂತಿದ್ದಾರೆ. ಬಣ್ಣ ಹಚ್ಚುವವರ ಕೈಯಲ್ಲಿ ಒಂದೇ ಒಂದು ಸ್ಪಂಜು. ಅದನ್ನು ನೀರಿನಲ್ಲಿ ಅದ್ದಿ, ಬಣ್ಣದ ಬಿಲ್ಲೆಯ ಮೇಲೆ ಉಜ್ಜಿ, ಮೊದಲನೆಯ ಮಗುವಿನ ಮುಖಕ್ಕೆ ಬಳಿಯುತ್ತಾರೆ. ಆಮೇಲೆ ಎರಡನೆಯ ಮಗು, ಮೂರನೆಯ ಮಗು. ಮೂವತ್ತನೆಯ ಮಗುವಿನ ಸರದಿ ಬರುವ ಹೊತ್ತಿಗೆ ಆ ಸ್ಪಂಜು ಇಪ್ಪತ್ತೊಂಬತ್ತು ಮುಖಗಳ ಮೇಲೆ ಓಡಾಡಿರುತ್ತದೆ.

ಮುಖದ ಮೇಲೆ ಮೊದಲು ಹಚ್ಚುವ ಈ ತಳಪದರಕ್ಕೆ ಫೌಂಡೇಶನ್ ಎನ್ನುತ್ತಾರೆ. ಇದನ್ನು ಹಚ್ಚಲು ಇಂದು ಅಂಗಡಿಗಳಲ್ಲಿ ಹತ್ತಾರು ಬಗೆಯ ಸಾಧನಗಳು ಸಿಗುತ್ತವೆ: ಚಪ್ಪಟೆ ಕುಂಚ, ದುಂಡು ಕುಂಚ, ತ್ರಿಕೋನದ ಸ್ಪಂಜು, ಮೊಟ್ಟೆಯಾಕಾರದ ಸ್ಪಂಜು, ಮೆತ್ತನೆಯ ಪಫ್, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಇದು ಕೇವಲ ಅಲಂಕಾರದ ಪ್ರಶ್ನೆ, ವಿಜ್ಞಾನ ಪತ್ರಿಕೆಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಆದರೆ ಈ ಸಾಧನಗಳ ಇತಿಹಾಸವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾವ ಬೆಳಕಿನಲ್ಲಿ, ಯಾರ ಕಣ್ಣಿಗೆ ಮುಖ ಕಾಣಬೇಕು ಎಂಬುದು ಬಣ್ಣವನ್ನು ನಿರ್ಧರಿಸಿತು. ಆ ಬಣ್ಣದ ಗುಣ ಸಾಧನವನ್ನು ನಿರ್ಧರಿಸಿತು. ಇವೆರಡರ ನಡುವೆ ಬಹಳ ಕಾಲ ಮರೆತುಹೋದದ್ದು ಬಣ್ಣವನ್ನು ಹೊತ್ತ ಚರ್ಮ.

ಲೇಪದಲ್ಲಿ ಏನಿರುತ್ತದೆ?

ಯಾವ ಕಾಲದ ಮುಖಲೇಪವನ್ನು ತೆಗೆದುಕೊಂಡರೂ ಅದರಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಮರೆಮಾಡುವ ಪುಡಿ, ಅಂದರೆ ವರ್ಣದ್ರವ್ಯ. ಇನ್ನೊಂದು, ಆ ಪುಡಿಯನ್ನು ಚರ್ಮಕ್ಕೆ ಅಂಟಿಸುವ ಮಾಧ್ಯಮ. ಇದು ಕೊಬ್ಬು, ಎಣ್ಣೆ, ಮೇಣ ಅಥವಾ ನೀರು ಆಗಿರಬಹುದು.

ಬಿಳಿಯ ಪುಡಿಗಳೆಲ್ಲ ಒಂದೇ ರೀತಿ ಮರೆಮಾಡುವುದಿಲ್ಲ. ಅಡುಗೆಮನೆಯ ಅಕ್ಕಿಹಿಟ್ಟು ಒಣಗಿದ್ದಾಗ ಅಚ್ಚ ಬಿಳಿ. ಅದನ್ನೇ ಕೊಬ್ಬರಿ ಎಣ್ಣೆಯಲ್ಲಿ ಕಲಸಿದರೆ ಬಿಳುಪು ಕುಂದಿ ಅರೆಪಾರಕವಾಗುತ್ತದೆ. ಕಾರಣ ಸರಳ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವಕ್ರೀಭವನ ಸೂಚ್ಯಂಕಗಳ ಅಂತರ ಹೆಚ್ಚಿದ್ದಷ್ಟೂ ಹೆಚ್ಚು ಚದರುತ್ತದೆ. ಗಾಳಿಯ ಸೂಚ್ಯಂಕ 1. ಪಿಷ್ಟದ ಸೂಚ್ಯಂಕ ಸುಮಾರು 1.5. ಎಣ್ಣೆಯದೂ ಸುಮಾರು 1.5. ಗಾಳಿಯಲ್ಲಿ ಹಿಟ್ಟಿನ ಕಣ ಬೆಳಕನ್ನು ಚೆನ್ನಾಗಿ ಚದರಿಸುತ್ತದೆ. ಎಣ್ಣೆಯಲ್ಲಿ ಅಂತರವೇ ಇಲ್ಲದ್ದರಿಂದ ಚದರಿಕೆ ಕಡಿಮೆ. ಆದ್ದರಿಂದ ಎಣ್ಣೆಯೊಳಗೂ ಬಿಳಿಯಾಗಿಯೇ ಉಳಿಯಬೇಕಾದರೆ ಸೂಚ್ಯಂಕ ಇನ್ನೂ ಹೆಚ್ಚಿರುವ ಪುಡಿ ಬೇಕು. ಸೀಸದ ಬಿಳುಪು, ಸತುವಿನ ಆಕ್ಸೈಡ್ ಮತ್ತು ತವರದ ಆಕ್ಸೈಡ್‌ಗಳ ಸೂಚ್ಯಂಕ ಸುಮಾರು 2. ಟೈಟಾನಿಯಂ ಡೈಆಕ್ಸೈಡಿನದು 2.5ಕ್ಕಿಂತ ಹೆಚ್ಚು. ಮುಖಲೇಪದ ಚರಿತ್ರೆಯೆಂದರೆ ಒಂದರ್ಥದಲ್ಲಿ ಈ ನಾಲ್ಕು ಪುಡಿಗಳ ಚರಿತ್ರೆಯೇ.

ಡಬ್ಬಿಯೊಳಗಿನ ಬೆರಳ ಗುರುತು

2003ರಲ್ಲಿ ಲಂಡನ್ನಿನ ಸೌತ್‌ವರ್ಕ್ ಎಂಬಲ್ಲಿ ರೋಮನ್ನರ ಕಾಲದ ದೇವಾಲಯದ ನೆಲೆಯನ್ನು ಅಗೆಯುತ್ತಿದ್ದ ಪುರಾತತ್ವಜ್ಞರಿಗೆ ಮುಚ್ಚಳ ಬಿಗಿದ ಒಂದು ಪುಟ್ಟ ತವರದ ಡಬ್ಬಿ ಸಿಕ್ಕಿತು. ಕ್ರಿ.ಶ. 2ನೇ ಶತಮಾನದ್ದು. ತೆರೆದಾಗ ಒಳಗೆ ಬಿಳಿಯ ಕ್ರೀಮು ಇನ್ನೂ ಮೆತ್ತಗೇ ಇತ್ತು. ಅದರ ಮೇಲೆ, ಕೊನೆಯ ಬಾರಿ ಬಳಸಿದವರ ಬೆರಳ ಗುರುತುಗಳೂ ಉಳಿದಿದ್ದವು!

ಬ್ರಿಸ್ಟಲ್ ವಿಶ್ವವಿದ್ಯಾಲಯದ ರಿಚರ್ಡ್ ಎವರ್‌ಶೆಡ್ ಮತ್ತು ಅವರ ಸಂಗಡಿಗರು ಆ ಕ್ರೀಮನ್ನು ವಿಶ್ಲೇಷಿಸಿ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅದರಲ್ಲಿದ್ದದ್ದು ಸುಮಾರು 40 ಭಾಗ ಪ್ರಾಣಿಯ ಕೊಬ್ಬು, 40 ಭಾಗ ಪಿಷ್ಟ, 15 ಭಾಗ ತವರದ ಆಕ್ಸೈಡ್. ವಿಜ್ಞಾನಿಗಳು ಅದೇ ಪ್ರಮಾಣದಲ್ಲಿ ಹೊಸದಾಗಿ ಕ್ರೀಮು ತಯಾರಿಸಿ ಚರ್ಮಕ್ಕೆ ಹಚ್ಚಿ ನೋಡಿದರು. ಮೈಯ ಬಿಸಿಗೆ ಕೊಬ್ಬು ಕರಗಿತು. ಪಿಷ್ಟದಿಂದಾಗಿ ಜಿಡ್ಡು ಉಳಿಯದೆ ಪುಡಿ ಹಚ್ಚಿದಂಥ ನಯ ಬಂತು. ತವರದ ಆಕ್ಸೈಡ್ ಬಿಳುಪನ್ನು ಕೊಟ್ಟಿತು. ಪಿಷ್ಟ ಕೊಬ್ಬಿನಲ್ಲಿ ಅರೆಪಾರಕವಾಗುತ್ತದೆ ಎಂಬ ಮೇಲಿನ ಮಾತನ್ನು ನೆನೆದರೆ ತವರದ ಆಕ್ಸೈಡ್ ಏಕೆ ಬೇಕಾಯಿತು ಎಂಬುದು ನಿಮಗೆ ಹೊಳೆಯುತ್ತದೆ.

ಇಲ್ಲಿ ಸಾಧನ ಯಾವುದು? ಬೆರಳು. ಕೊಬ್ಬಿನ ಲೇಪಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಬೆರಳ ತುದಿಯ ಬಿಸಿ ಕೊಬ್ಬನ್ನು ಮೆತ್ತಗೆ ಮಾಡುತ್ತದೆ. ಬೆರಳು ಲೇಪವನ್ನು ಹೀರಿಕೊಳ್ಳುವುದಿಲ್ಲ. ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಮುಟ್ಟಿದಾಗಲೇ ತಿಳಿಯುತ್ತದೆ.

ಸೀಸದ ಬಿಳುಪು

ರೋಮನ್ ಡಬ್ಬಿಯಲ್ಲಿ ತವರ ಸಿಕ್ಕಿದ್ದು ವಿಶೇಷ. ಏಕೆಂದರೆ ಆ ಕಾಲದ ಮುಖಲೇಪಗಳಲ್ಲಿ ಸಾಮಾನ್ಯವಾಗಿದ್ದದ್ದು ಸೀಸ. ಸೀಸದ ತುಂಡುಗಳನ್ನು ವಿನೆಗರ್ ಇರುವ ಮಡಕೆಯಲ್ಲಿಟ್ಟು ಮುಚ್ಚಿ, ಕೆಲ ದಿನಗಳ ನಂತರ ಮೇಲೆ ಕಟ್ಟಿದ ಬಿಳಿಯ ಹೊಪ್ಪಳಿಕೆಯನ್ನು ಕೆರೆದು ತೆಗೆಯುವ ವಿಧಾನವನ್ನು ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಕ್ರಿ.ಪೂ. 300ರ ಸುಮಾರಿನಲ್ಲೇ ವಿವರಿಸಿದ್ದಾನೆ. ಹೀಗೆ ಸಿಗುವುದು ಸೀಸದ ಪ್ರತ್ಯಾಮ್ಲೀಯ ಕಾರ್ಬೊನೇಟ್. ಚೆನ್ನಾಗಿ ಮರೆಮಾಡುತ್ತದೆ, ನಯವಾಗಿ ಹರಡುತ್ತದೆ, ಅಗ್ಗ. ಈ ಮೂರು ಗುಣಗಳಿಂದಾಗಿ ಎರಡು ಸಾವಿರ ವರ್ಷ ಅದು ಮುಖಗಳ ಮೇಲೆ ಉಳಿಯಿತು.

ಇದರ ಬೆಲೆ ಎಷ್ಟೆಂಬುದು ಸ್ಪಷ್ಟವಾಗಿ ದಾಖಲಾದದ್ದು ಜಪಾನಿನಲ್ಲಿ. ಅಲ್ಲಿನ ಕಬುಕಿ ನಾಟಕದಲ್ಲಿ ನಟರು ಮುಖ, ಕುತ್ತಿಗೆಗಳಿಗೆ ಒಶಿರೋಯಿ ಎಂಬ ಬಿಳಿಯ ಲೇಪ ಬಳಿದುಕೊಳ್ಳುತ್ತಾರೆ. ಮೊದಲು ಗಟ್ಟಿ ಮೇಣವನ್ನು ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿ ಚರ್ಮಕ್ಕೆ ಸವರುತ್ತಾರೆ. ಅದರ ಮೇಲೆ ನೀರಿನಲ್ಲಿ ಕಲಸಿದ ಬಿಳಿಯನ್ನು 'ಹಾಕೆ' ಎಂಬ ಅಗಲವಾದ ಚಪ್ಪಟೆ ಕುಂಚದಿಂದ ಬಳಿಯುತ್ತಾರೆ. ಬಣ್ಣ ನೀರಿನಂತೆ ತೆಳುವಾಗಿರುವುದರಿಂದ ಬೆರಳಿನಿಂದ ಹಚ್ಚಿದರೆ ಗೆರೆಗೆರೆಯಾಗುತ್ತದೆ. ಒತ್ತಾಗಿ ಜೋಡಿಸಿದ ನೂರಾರು ಮೆತ್ತನೆಯ ಕೂದಲುಗಳ ನಡುವೆ ನೀರು ಲೋಮನಾಳ ಕ್ರಿಯೆಯಿಂದ ನಿಂತು, ಎಳೆದಲ್ಲೆಲ್ಲ ಸಮನಾಗಿ ಇಳಿಯುತ್ತದೆ. ನಂತರ ಸ್ಪಂಜಿನಿಂದ ಒತ್ತಿ ಹೆಚ್ಚಿನ ನೀರನ್ನು ತೆಗೆಯುತ್ತಾರೆ. ಒಂದೇ ಮುಖಕ್ಕೆ ಅಂಗೈ, ಕುಂಚ, ಸ್ಪಂಜು ಮೂರೂ ಬಳಕೆಯಾದವು. ಮೇಣಕ್ಕೆ ಒಂದು, ನೀರುಬಣ್ಣಕ್ಕೆ ಒಂದು, ಒಣಗಿಸಲು ಒಂದು.

1887ರಲ್ಲಿ ಮೇಯ್ಜಿ ಚಕ್ರವರ್ತಿಯ ಮುಂದೆ ಕಬುಕಿ ಪ್ರದರ್ಶನ ನಡೆಯಿತು. ಸ್ತ್ರೀಪಾತ್ರ ಮಾಡುತ್ತಿದ್ದ ಯುವನಟ ನಾಲ್ಕನೆಯ ನಕಮುರ ಫುಕುಸುಕೆಯ ಕಾಲು ನಡುಗತೊಡಗಿ ನಿಲ್ಲಲೇ ಇಲ್ಲ. ಅದು ಅಳುಕಿನ ನಡುಕವಲ್ಲ, ಸೀಸದ ವಿಷಬಾಧೆ ಎಂದು ವೈದ್ಯರು ಕಂಡುಕೊಂಡರು. ಸೀಸವಿಲ್ಲದ ಒಶಿರೋಯಿಗಾಗಿ ಹುಡುಕಾಟ ಶುರುವಾಯಿತು. 20ನೇ ಶತಮಾನದ ಮೊದಲ ದಶಕದಲ್ಲಿ ಅಂಥದು ಮಾರುಕಟ್ಟೆಗೂ ಬಂತು. ಆದರೂ ಹಳೆಯದರ ನುಣುಪಿಗೆ ಒಗ್ಗಿದವರು ಅದನ್ನು ಬಿಡಲಿಲ್ಲ. 1920ರ ದಶಕದಲ್ಲಿ ಕ್ಯೋಟೊದ ಮಕ್ಕಳ ವೈದ್ಯ ಇಕುತಾರೊ ಹಿರಾಯ್ ಇನ್ನೊಂದು ಭೀಕರ ಸಂಗತಿಯನ್ನು ತೋರಿಸಿಕೊಟ್ಟರು. ಹಾಲುಗೂಸುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ, ಮಿದುಳು ಪೊರೆಯ ಉರಿಯೂತದಂತೆ ಕಾಣುತ್ತಿದ್ದ ಒಂದು ಕಾಯಿಲೆಗೆ ಕಾರಣ ತಾಯಂದಿರು ಹಚ್ಚಿಕೊಳ್ಳುತ್ತಿದ್ದ ಸೀಸದ ಬಿಳುಪು! ಸೀಸದ ಒಶಿರೋಯಿಗೆ ಜಪಾನಿನಲ್ಲಿ ಪೂರ್ತಿ ನಿಷೇಧ ಬಂದದ್ದು 1930ರ ದಶಕದಲ್ಲಿ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಸೀಸದ ಕಾರ್ಬೊನೇಟ್ ಗಾಯವಿಲ್ಲದ ಚರ್ಮದ ಮೂಲಕ ಒಳಸೇರುವುದು ಅಲ್ಪ. ಅದು ಮುಖ್ಯವಾಗಿ ದೇಹ ಸೇರುವುದು ತುಟಿಯಿಂದ, ಬೆರಳಿನಿಂದ ಬಾಯಿಗೆ ಹೋಗಿ, ಇಲ್ಲವೆ ಪುಡಿಯಾಗಿ ಉಸಿರಿನೊಡನೆ ಹೋಗಿ. ಎದೆಗೆ ಒರಗಿ ಹಾಲು ಕುಡಿಯುವ ಕೂಸಿನ ಬಾಯಿಗೂ ಕೆನ್ನೆಗೂ ಪುಡಿ ತಗಲುವುದು ಎಷ್ಟು ಸುಲಭ, ಯೋಚಿಸಿ.

ನಮ್ಮ ಚೌಕಿಯಲ್ಲಿ

ಜಪಾನ್ ದೂರವಾಯಿತೆನಿಸಿದರೆ ನಮ್ಮ ಕರಾವಳಿಯ ಯಕ್ಷಗಾನದ ಚೌಕಿಗೆ ಬನ್ನಿ. ಇಲ್ಲಿ ಕಲಾವಿದರು ಸಾಲಾಗಿ ಕುಳಿತು, ಕೈಗನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಪದ್ಧತಿ. ಮೊದಲು ಕೊಬ್ಬರಿ ಎಣ್ಣೆ ಸವರಿ, ಬಿಳಿ, ಹಳದಿ, ಕೆಂಪು ಪುಡಿಗಳನ್ನು ಬೇಕಾದ ಹದಕ್ಕೆ ಬೆರೆಸಿ ಬೆರಳಿನಿಂದ ತಳಬಣ್ಣ ಹಚ್ಚುತ್ತಾರೆ. ಎಣ್ಣೆಯ ಮಾಧ್ಯಮ, ಆದ್ದರಿಂದ ಬೆರಳು. ರೋಮನ್ ಡಬ್ಬಿಯ ನಿಯಮವೇ ಇಲ್ಲಿಯದೂ. ಗೆರೆ, ನಾಮ, ಮುದ್ರೆಗಳಿಗೆ ಸಣ್ಣ ಕಡ್ಡಿ.

ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಮಾತ್ರ ಕೆಲಸ ಬೇರೆ. ರಾಕ್ಷಸನ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಲೇಪದಿಂದ ಮುಳ್ಳಿನಂಥ ಚುಕ್ಕೆಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ಇದಕ್ಕೆ ಚುಟ್ಟಿ ಇಡುವುದು ಎನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಈ ಕೆಲಸಕ್ಕೆ ಬೆರಳು ದಪ್ಪವಾಯಿತು, ಕುಂಚ ಮೆತ್ತಗಾಯಿತು. ಸಪೂರ ಕಡ್ಡಿಯೇ ಬೇಕು. ಗಟ್ಟಿ ಹಿಟ್ಟು ಕಡ್ಡಿಯ ತುದಿಯಿಂದ ಬಿಟ್ಟುಕೊಂಡು ಚರ್ಮದ ಮೇಲೆ ಮೊನೆಯಾಗಿ ನಿಲ್ಲುತ್ತದೆ.

ಹಿಂದೆ ಈ ಬಣ್ಣಗಾರಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಕೆಯಲ್ಲಿದ್ದವು. ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಇಂಗಳೀಕ ಪಾದರಸದ ಸಲ್ಫೈಡ್. ಎರಡೂ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಹಾಗೆಂದು ರಾತ್ರಿಯಿಡೀ ಬೆವರುವ ಮುಖದ ಮೇಲೆ, ವರ್ಷಕ್ಕೆ ಆರು ತಿಂಗಳ ತಿರುಗಾಟದುದ್ದಕ್ಕೂ ಇಡಬಹುದಾದ ವಸ್ತುಗಳು ಅವಲ್ಲ. ಬಣ್ಣ ಕೊಡಲು ಸೀಸ ಅಥವಾ ಆರ್ಸೆನಿಕ್‌ನ ಸಂಯುಕ್ತಗಳನ್ನು ಸೌಂದರ್ಯವರ್ಧಕಗಳಲ್ಲಿ ಬಳಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. 2020ರ ಸೌಂದರ್ಯವರ್ಧಕ ನಿಯಮಗಳಲ್ಲೂ ಈ ನಿಷೇಧವಿದೆ.

ಬಣ್ಣದ ಕಡ್ಡಿ ಬಂತು

ಇತ್ತ ಯೂರೋಪಿನ ರಂಗಭೂಮಿಯಲ್ಲಿ 19ನೇ ಶತಮಾನದುದ್ದಕ್ಕೂ ಬೆಳಕು ಬದಲಾಗುತ್ತ ಹೋಯಿತು. ಮೇಣದ ಬತ್ತಿಯ ಜಾಗಕ್ಕೆ ಅನಿಲದೀಪ, ಆಮೇಲೆ ವಿದ್ಯುದ್ದೀಪ. ಲಂಡನ್ನಿನ ಸವಾಯ್ ರಂಗಮಂದಿರ 1881ರಲ್ಲಿ ವಿದ್ಯುತ್ ಬೆಳಕು ಪಡೆಯಿತು. ಮಂದ ಬೆಳಕಿನಲ್ಲಿ ಮುಚ್ಚಿಹೋಗುತ್ತಿದ್ದ ಒಣ ಪುಡಿಯ ಬಣ್ಣ, ಪ್ರಖರ ಬೆಳಕಿನಲ್ಲಿ ಹಿಟ್ಟು ಮೆತ್ತಿದಂತೆ ಕಾಣತೊಡಗಿತು. ಬೆವರಿಗೆ ಅದು ಕರಗಿ ಇಳಿಯುತ್ತಲೂ ಇತ್ತು.

ಇದಕ್ಕೆ ಪರಿಹಾರವಾಗಿ ಜರ್ಮನಿಯ ನಟರು ವರ್ಣದ್ರವ್ಯಗಳನ್ನು ಕೊಬ್ಬಿನಲ್ಲಿ ಕಲಸಿ ಬಳಸಲು ಶುರುಮಾಡಿದರು. ಒಪೆರಾ ಗಾಯಕ ಲುಡ್ವಿಗ್ ಲೈಕ್ನರ್ 1873ರಲ್ಲಿ ಬರ್ಲಿನ್ನಿನಲ್ಲಿ ಇದರ ತಯಾರಿಕೆಯನ್ನು ಉದ್ಯಮವಾಗಿ ಆರಂಭಿಸಿದ. ಸೀಸವಿಲ್ಲದ ಈ ಬಣ್ಣ ಕಡ್ಡಿಯ ರೂಪದಲ್ಲಿ, ಛಾಯೆಗೊಂದು ಸಂಖ್ಯೆ ಹೊತ್ತು ಮಾರಾಟವಾಯಿತು. ಇಲ್ಲಿ ಸಾಧನವೂ ಬಣ್ಣವೂ ಒಂದೇ ಆದವು. ಕಡ್ಡಿಯಿಂದ ಹಣೆ, ಕೆನ್ನೆ, ಗಲ್ಲಗಳ ಮೇಲೆ ಗೆರೆ ಎಳೆದು ಬೆರಳಿನಿಂದ ಹರಡಿದರಾಯಿತು. ಹೊಳಪು ತಗ್ಗಿಸಲು ಮೇಲೆ ಪಫ್‌ನಿಂದ ಪುಡಿ ಒತ್ತುತ್ತಿದ್ದರು.

ಕ್ಯಾಮೆರಾ ಎಂಬ ಹೊಸ ಕಣ್ಣು

ರಂಗದ ಪ್ರೇಕ್ಷಕ ದೂರದಲ್ಲಿರುತ್ತಾನೆ. ಚಲನಚಿತ್ರದ ಕ್ಯಾಮೆರಾ ಮುಖದ ಹತ್ತಿರವೇ ಬಂದು ನಿಂತಿತು. ಕಡ್ಡಿಬಣ್ಣದ ದಪ್ಪ ಪದರ ಮುಖ ಅಲುಗಿದಾಗ ಬಿರುಕು ಬಿಡುತ್ತಿತ್ತು. ಆ ಬಿರುಕೂ ತೆರೆಯ ಮೇಲೆ ಕಾಣತೊಡಗಿತು.

ಪೋಲೆಂಡಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಮ್ಯಾಕ್ಸ್ ಫ್ಯಾಕ್ಟರ್ ಲಾಸ್ ಏಂಜಲಿಸ್‌ನಲ್ಲಿ ಟೋಪನ್ ಕೂದಲು, ಬಣ್ಣಗಳ ಅಂಗಡಿ ಇಟ್ಟಿದ್ದ. 1914ರಲ್ಲಿ ಅವನು ಕ್ರೀಮಿನಷ್ಟು ತೆಳುವಾದ ಬಣ್ಣವನ್ನು ಹನ್ನೆರಡು ಛಾಯೆಗಳಲ್ಲಿ ತಯಾರಿಸಿದ. ಪದರ ತೆಳುವಾಯಿತು, ಬಿರುಕು ನಿಂತಿತು.

ಇನ್ನೊಂದು ತೊಡಕು ಬಣ್ಣದ್ದು. ಆ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ನೀಲಿ, ಹಸಿರುಗಳಿಗೆ ಸ್ಪಂದಿಸುತ್ತಿತ್ತು, ಕೆಂಪಿಗೆ ಕುರುಡು. ಕೆಂಪು ಕಲೆ, ಕೆಂಪು ತುಟಿ ಎಲ್ಲ ಕಪ್ಪಾಗಿ ಮೂಡುತ್ತಿದ್ದವು. ಆದ್ದರಿಂದ ನಟರ ಮುಖಕ್ಕೆ ನಿಜಜೀವನದಲ್ಲಿ ವಿಚಿತ್ರವಾಗಿ ಕಾಣುವ ಹಳದಿ ಛಾಯೆಯ ಬಣ್ಣಗಳನ್ನು ಬಳಿಯಬೇಕಾಗಿತ್ತು. 1920ರ ದಶಕದ ಕೊನೆಯಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಅದರ ಸ್ಥಾನಕ್ಕೆ ಬಂತು. ಆರ್ಕ್ ದೀಪಗಳ ಬದಲು ಕೆಂಪಿನಂಶ ಹೆಚ್ಚಿರುವ ಟಂಗ್‌ಸ್ಟನ್ ದೀಪಗಳೂ ಬಂದವು. ಹಳೆಯ ಛಾಯೆಗಳೆಲ್ಲ ಕೆಲಸಕ್ಕೆ ಬಾರದಾದವು. 1928ರಲ್ಲಿ ಫ್ಯಾಕ್ಟರ್ ಹೊಸ ಫಿಲ್ಮಿಗೆ ತಕ್ಕ ಛಾಯೆಗಳನ್ನು ರೂಪಿಸಿದ.

ಬಿಲ್ಲೆಯೂ ಒದ್ದೆ ಸ್ಪಂಜೂ

ಆಮೇಲೆ ಬಂದದ್ದು ವರ್ಣಚಿತ್ರ. ಮೂರು ನೆಗೆಟಿವ್‌ಗಳ ಟೆಕ್ನಿಕಲರ್ ವಿಧಾನದಲ್ಲಿ ಪೂರ್ಣಾವಧಿಯ ಕಥಾಚಿತ್ರ 'ಬೆಕಿ ಶಾರ್ಪ್' ತೆರೆಕಂಡದ್ದು 1935ರಲ್ಲಿ. ಈ ವಿಧಾನಕ್ಕೆ ಅಗಾಧ ಬೆಳಕು ಬೇಕಿತ್ತು. ಆ ಬೆಳಕಿನಲ್ಲಿ ಕೊಬ್ಬಿನ ಬಣ್ಣ ಕನ್ನಡಿಯಂತೆ ಹೊಳೆದು, ಪಕ್ಕದ ಹಸಿರು ಪರದೆಯನ್ನೋ ಕೆಂಪು ಉಡುಪನ್ನೋ ಮುಖದ ಮೇಲೆ ಪ್ರತಿಫಲಿಸುತ್ತಿತ್ತು.

ಬೇಕಾದದ್ದು ಹೊಳೆಯದ ಪದರ. ಅಂದರೆ ಬೆಳಕನ್ನು ಒಂದೇ ದಿಕ್ಕಿಗೆ ಪ್ರತಿಫಲಿಸದೆ ಎಲ್ಲೆಡೆ ಚದರಿಸುವ ಒರಟು ಮೇಲ್ಮೈ. ಮ್ಯಾಕ್ಸ್ ಫ್ಯಾಕ್ಟರ್ ಮತ್ತು ಅವನ ಮಗ ಫ್ರಾಂಕ್ ವರ್ಣದ್ರವ್ಯ, ಟಾಲ್ಕ್ ಪುಡಿಗಳನ್ನು ಅಲ್ಪ ಜಿಡ್ಡಿನೊಡನೆ ಒತ್ತಿ, ಒಣಗಿದ ಬಿಲ್ಲೆಯಾಗಿ ಮಾಡಿದರು. ಚಪ್ಪಟೆ ಡಬ್ಬಿಯಲ್ಲಿ ಬಿಲ್ಲೆಯಾಗಿ ಕುಳಿತ ಇದಕ್ಕೆ 'ಪ್ಯಾನ್‌ಕೇಕ್' ಎಂದು ಹೆಸರಾಯಿತು. 1937ರಲ್ಲಿ ಬಿಡುಗಡೆಯಾದ 'ವೋಗ್ಸ್ ಆಫ್ 1938' ಚಿತ್ರದಲ್ಲಿ ಅದು ಬಳಕೆಯಾಯಿತು. 1938ರಲ್ಲಿ ಸಾರ್ವಜನಿಕರಿಗೂ ಮಾರಾಟಕ್ಕೆ ಬಂತು. ಅದೇ ವರ್ಷ ಮ್ಯಾಕ್ಸ್ ಫ್ಯಾಕ್ಟರ್ ತೀರಿಕೊಂಡ.

ಈಗ ಸಾಧನವನ್ನು ನೋಡಿ. ಒಣ ಬಿಲ್ಲೆಯನ್ನು ಬೆರಳಿನಿಂದ ತಿಕ್ಕಿದರೆ ಬಣ್ಣ ಏಳುವುದಿಲ್ಲ. ನೀರು ಬೇಕು. ಆದರೆ ನೀರು ಹೆಚ್ಚಾದರೆ ಬಣ್ಣ ಹರಿದುಹೋಗುತ್ತದೆ. ಅಳತೆಯಿಂದ ನೀರು ಕೊಡುವ, ಮೇಲ್ಮೈಯಲ್ಲಿ ಬಣ್ಣ ಹಿಡಿಯುವ, ಒತ್ತಿದಾಗ ಬಿಡುವ ಸಾಧನ ಬೇಕು. ಒದ್ದೆ ಮಾಡಿ ಹಿಂಡಿದ ಸ್ಪಂಜು ಈ ಮೂರನ್ನೂ ಮಾಡಿತು. ನೀರು ಆವಿಯಾದೊಡನೆ ಮುಖದ ಮೇಲೆ ತೆಳುವಾದ, ಹೊಳಪಿಲ್ಲದ ಪದರ ಉಳಿಯಿತು. ನಮ್ಮ ಶಾಲೆಯ ಬಣ್ಣದ ಪೆಟ್ಟಿಗೆಯಲ್ಲಿ ಬಿಲ್ಲೆಯ ಜೊತೆಗೆ ಸ್ಪಂಜೇ ಏಕಿರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಈ ಬಿಲ್ಲೆ ಮದರಾಸಿಗೂ ಬಂತು. 1952ರಿಂದ 1966ರವರೆಗೆ ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ ತಮಿಳು ಲೇಖಕ ಅಶೋಕಮಿತ್ರನ್ ತಮ್ಮ ನೆನಪುಗಳಲ್ಲಿ ಅಲ್ಲಿಗೆ ಲಾರಿಗಟ್ಟಲೆ ಬರುತ್ತಿದ್ದ ಪ್ಯಾನ್‌ಕೇಕಿನ ಬಗ್ಗೆ ಬರೆದಿದ್ದಾರೆ. ಅದರ ಒಂದು ಭಾಗವನ್ನು 12ನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ನಿಮ್ಮಲ್ಲಿ ಕೆಲವರು ಓದಿರಬಹುದು. ನಾನಾ ಪ್ರಾಂತ್ಯದವರಿದ್ದ ಆ ಬಣ್ಣದ ವಿಭಾಗದಲ್ಲಿ ಧಾರವಾಡದ ಕನ್ನಡಿಗರೊಬ್ಬರೂ ಇದ್ದರು. ಅಲ್ಲಿ ಒಂದು ಶ್ರೇಣಿಯಿತ್ತು: ನಾಯಕ ನಾಯಕಿಯರಿಗೆ ಹಿರಿಯ ಕಲಾವಿದ, ಗುಂಪಿನ ದೃಶ್ಯದವರಿಗೆ 'ಆಫೀಸ್ ಬಾಯ್'. ಗುಂಪಿನ ದಿನ ಅವನು ದೊಡ್ಡ ಪಾತ್ರೆಯಲ್ಲಿ ಬಣ್ಣ ಕಲಸಿ ಸಾಲಾಗಿ ಬಳಿದುಬಿಡುತ್ತಿದ್ದ. ಎಷ್ಟು ಮುಖಗಳು, ಎಷ್ಟು ಸಮಯ ಎಂಬುದೂ ಹಚ್ಚುವ ವಿಧಾನವನ್ನು ನಿರ್ಧರಿಸುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸ್ಪಂಜಿನ ರಸಾಯನ

ಮೊದಲು ಬಳಸುತ್ತಿದ್ದ ಸ್ಪಂಜು ಸಮುದ್ರದ ಜೀವಿ. ಅದರ ಮೃದು ಅಸ್ಥಿಪಂಜರವನ್ನು ಒಣಗಿಸಿ ಬಳಸುತ್ತಿದ್ದರು. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ಕಡೆದು ನೊರೆ ಮಾಡಿ, ಅದನ್ನು ಗಟ್ಟಿಗೊಳಿಸಿ ರಬ್ಬರ್ ಫೋಮ್ ತಯಾರಿಸಿದರು. ಬೇಕಾದ ಆಕಾರಕ್ಕೆ ಕತ್ತರಿಸಬಹುದಾದ್ದರಿಂದ ತ್ರಿಕೋನದ ಸ್ಪಂಜುಗಳು ಬಂದವು. 1937ರಲ್ಲಿ ಜರ್ಮನಿಯ ಒಟ್ಟೊ ಬಾಯರ್ ಮತ್ತು ಸಂಗಡಿಗರು ಪಾಲಿಯೂರಿಥೇನನ್ನು ಕಂಡುಹಿಡಿದರು. ಇದನ್ನು ತಯಾರಿಸುವಾಗ ಐಸೊಸಯನೇಟ್ ನೀರಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ದೋಸೆಹಿಟ್ಟು ಹುದುಗಿದಂತೆ ಒಳಗಿನಿಂದಲೇ ಉಬ್ಬಿ ರಂಧ್ರಮಯವಾಗುತ್ತದೆ. ಇಂದಿನ ಬಹುಪಾಲು ಮೇಕಪ್ ಸ್ಪಂಜುಗಳು ಇದೇ ಕುಟುಂಬದವು.

2000ರ ದಶಕದ ಆರಂಭದಲ್ಲಿ ಬೆಳಕಿನ ಬದಲು ಕಣ್ಣು ಮತ್ತೆ ಬದಲಾಯಿತು. ಹಳೆಯ ದೂರದರ್ಶನದ ಚಿತ್ರವನ್ನು 720 ಅಡ್ಡ, 480 ಉದ್ದ ಚುಕ್ಕೆಗಳೆಂದು ಲೆಕ್ಕ ಹಿಡಿದರೆ ಒಟ್ಟು 3,45,600. ಹೈ ಡೆಫಿನಿಶನ್ ಚಿತ್ರದಲ್ಲಿ 1920 ಅಡ್ಡ, 1080 ಉದ್ದ, ಒಟ್ಟು 20,73,600. ಸರಿಯಾಗಿ ಆರು ಪಟ್ಟು. ತ್ರಿಕೋನದ ಸ್ಪಂಜಿನ ಅಂಚು ಮುಖದ ಮೇಲೆ ಬಿಡುತ್ತಿದ್ದ ಗೆರೆ ಈಗ ಕಾಣತೊಡಗಿತು. ಅಮೆರಿಕದ 'ಗರ್ಲ್‌ಫ್ರೆಂಡ್ಸ್' ಧಾರಾವಾಹಿಯ ಮೇಕಪ್ ಕಲಾವಿದೆ ರಿಯಾ ಆನ್ ಸಿಲ್ವಾ ಮತ್ತು ಅವರ ಸಹಾಯಕರು ಸ್ಪಂಜಿನ ಅಂಚುಗಳನ್ನು ಕತ್ತರಿಯಿಂದ ಕತ್ತರಿಸಿ ದುಂಡಗೆ ಮಾಡಿಕೊಂಡರು. ಅಂಚಿಲ್ಲದಿದ್ದರೆ ಗೆರೆಯೂ ಇಲ್ಲ. 'ಬ್ಯೂಟಿಬ್ಲೆಂಡರ್' ಎಂಬ ಮೊಟ್ಟೆಯಾಕಾರದ ಸ್ಪಂಜು ಹುಟ್ಟಿದ್ದು ಹೀಗೆ. ಅದನ್ನು ಒದ್ದೆ ಮಾಡಿಯೇ ಬಳಸಬೇಕು. ರಂಧ್ರಗಳಲ್ಲಿ ಮೊದಲೇ ನೀರು ತುಂಬಿದ್ದರೆ ಬಣ್ಣ ಒಳಗೆ ಇಳಿಯದೆ ಮೇಲ್ಮೈಯಲ್ಲೇ ಉಳಿಯುತ್ತದೆ.

ಕುಂಚದ ಊರು

ಸ್ಪಂಜು ಬಂದಿತೆಂದು ಕುಂಚ ಮೂಲೆ ಸೇರಲಿಲ್ಲ. ಜಪಾನಿನ ಹಿರೋಶಿಮಾ ಪ್ರಾಂತ್ಯದ ಕುಮಾನೊ ಎಂಬ ಊರು ಬರವಣಿಗೆಯ ಕುಂಚಗಳಿಗೆ ಹೆಸರಾದದ್ದು. ಎರಡನೆಯ ಮಹಾಯುದ್ಧದ ನಂತರ ಶಾಲೆಗಳಲ್ಲಿ ಕುಂಚದ ಬರವಣಿಗೆ ಕಡಿಮೆಯಾದಾಗ ಅಲ್ಲಿನ ಕುಶಲಕರ್ಮಿಗಳು ಚಿತ್ರಕಲೆಯ ಮತ್ತು ಮೇಕಪ್ಪಿನ ಕುಂಚಗಳಿಗೆ ತಿರುಗಿದರು. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಸರ್ಕಾರ ಕೊಟ್ಟ ಉಡುಗೊರೆ ಕುಮಾನೊದ ಮೇಕಪ್ ಕುಂಚಗಳೇ. ಅವರ ಗುಟ್ಟು ಕೂದಲ ತುದಿಯನ್ನು ಕತ್ತರಿಸದಿರುವುದು. ಸಹಜವಾಗಿ ಸಪೂರಾಗುತ್ತ ಹೋಗುವ ತುದಿ ಚರ್ಮಕ್ಕೆ ಚುಚ್ಚುವುದಿಲ್ಲ.

ಮೇಕೆ, ಅಳಿಲುಗಳ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನಿನ ಮೈಯಂತೆ ಹುರುಪೆಗಳು ಕಾಣುತ್ತವೆ. ಅವು ಒಣ ಪುಡಿಯನ್ನು ಹಿಡಿದಿಡುತ್ತವೆ. ಆದರೆ ದ್ರವ ಬಣ್ಣವನ್ನು ಹೀರಿ ಹಾಳುಮಾಡುತ್ತವೆ. ನೈಲಾನನ್ನು 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ವ್ಯಾಲೇಸ್ ಕ್ಯಾರೊದರ್ಸ್ ತಂಡ ತಯಾರಿಸಿತು. 1938ರಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂದದ್ದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ನಯವಾದ ಕೃತಕ ಎಳೆ ದ್ರವವನ್ನು ಹೀರುವುದಿಲ್ಲ, ಬೇಗ ತೊಳೆಯಬಹುದು, ಬೇಗ ಒಣಗುತ್ತದೆ. ಆದ್ದರಿಂದ ಪುಡಿಗೆ ಸಹಜ ಕೂದಲು, ದ್ರವಕ್ಕೂ ಕ್ರೀಮಿಗೂ ಕೃತಕ ಎಳೆ ಎಂಬ ರೂಢಿ ಬೆಳೆಯಿತು.

ಮಾಡಿ ನೋಡಿ

1. ಎರಡು ಗಾಜಿನ ಪಟ್ಟಿಗಳ ಮೇಲೆ ಕೊಬ್ಬರಿ ಎಣ್ಣೆಯ ಹನಿ ಹಾಕಿ. ಒಂದರಲ್ಲಿ ಅಕ್ಕಿಹಿಟ್ಟು, ಇನ್ನೊಂದರಲ್ಲಿ ಪ್ರಯೋಗಾಲಯದ ಸತುವಿನ ಆಕ್ಸೈಡ್ ಕಲಸಿ. ಅಚ್ಚಾದ ಕಾಗದದ ಮೇಲಿಟ್ಟು ನೋಡಿ. ಯಾವುದರ ಮೂಲಕ ಅಕ್ಷರ ಓದಬಹುದು? ಏಕೆ?

2. ಒಂದೇ ಸ್ಪಂಜಿನಿಂದ ಸಮನಾದ ಎರಡು ತುಂಡು ಕತ್ತರಿಸಿ. ಒಂದು ಒಣಗಿರಲಿ, ಇನ್ನೊಂದನ್ನು ಒದ್ದೆ ಮಾಡಿ ಹಿಂಡಿ. ಎರಡನ್ನೂ ತೂಗಿ. ನೀರುಬಣ್ಣದಲ್ಲಿ ಒಂದೇ ಸಲ ಒತ್ತಿ, ಮತ್ತೆ ತೂಗಿ. ಯಾವುದು ಹೆಚ್ಚು ಬಣ್ಣ ಕುಡಿಯಿತು? ಎರಡನ್ನೂ ಕಾಗದಕ್ಕೆ ಒತ್ತಿ ಗುರುತುಗಳನ್ನು ಹೋಲಿಸಿ.

3. ಮೇಕೆಯ ಕೂದಲನ್ನೂ ಹಲ್ಲುಜ್ಜುವ ಬ್ರಷ್ಷಿನ ಎಳೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಿರಿ.

ಹಾಗಾದರೆ ಯಾವುದನ್ನು ಆರಿಸಬೇಕು?

ಇತಿಹಾಸ ಕೊಡುವ ಉತ್ತರ ಇಷ್ಟು. ಜಿಡ್ಡಿನ ಬಣ್ಣಕ್ಕೆ ಬೆರಳು. ಒಣ ಬಿಲ್ಲೆಗೆ ಹಿಂಡಿದ ಒದ್ದೆ ಸ್ಪಂಜು. ನೀರಾದ ಬಣ್ಣವನ್ನು ಅಗಲವಾಗಿ ಬಳಿಯಲು ಚಪ್ಪಟೆ ಕುಂಚ. ಸಡಿಲ ಪುಡಿಗೆ ಸಹಜ ಕೂದಲಿನ ಕುಂಚ ಅಥವಾ ಪಫ್. ಏರ್‌ಬ್ರಷ್ ಮುಖವನ್ನು ಮುಟ್ಟುವುದೇ ಇಲ್ಲ, ಆದರೆ ಅದಕ್ಕೆ ತೀರ ತೆಳುವಾದ ಬಣ್ಣ, ಯಂತ್ರ, ಕಣ್ಣು ಮೂಗುಗಳ ಬಗ್ಗೆ ಎಚ್ಚರ ಎಲ್ಲ ಬೇಕು. ಚರ್ಮದ ಮೈಬಣ್ಣಕ್ಕೆ ಹೊಂದದ ಛಾಯೆಯನ್ನು ಯಾವ ಸಾಧನವೂ ಸರಿಪಡಿಸಲಾರದು. ಕಪ್ಪು ಹುಡುಗಿಯನ್ನು ರಾಣಿ ಮಾಡಲು ಬೆಳ್ಳಗೆ ಬಳಿಯಬೇಕಿಲ್ಲ ಎಂಬುದನ್ನೂ ಶಿಕ್ಷಕರು ನೆನಪಿಡುವುದು ಒಳ್ಳೆಯದು.

ಆದರೆ ಈ ಪಟ್ಟಿಯಲ್ಲಿ ಇನ್ನೂ ಚರ್ಮ ಬಂದಿಲ್ಲ. ಸೀಸ ಹೋಯಿತು. ಅರದಾಳಕ್ಕೆ ಕಾನೂನಿನ ತಡೆ ಬಂತು. ಇಂದಿನ ಅಪಾಯ ಬೇರೆ. 2019ರಲ್ಲಿ ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜನರು ಬಳಸಿದ 467 ಪ್ರಸಾಧನಗಳನ್ನು ಪರೀಕ್ಷಿಸಿದರು. ಶೇಕಡಾ 79ರಿಂದ 90ರಷ್ಟರಲ್ಲಿ ಬ್ಯಾಕ್ಟೀರಿಯಗಳಿದ್ದವು. ಎಲ್ಲಕ್ಕಿಂತ ಹೊಲಸಾಗಿದ್ದದ್ದು ಸ್ಪಂಜುಗಳು. ಅವುಗಳಲ್ಲಿ ಶೇಕಡಾ 93ನ್ನು ಒಮ್ಮೆಯೂ ತೊಳೆದಿರಲಿಲ್ಲ, ಶೇಕಡಾ 64 ನೆಲಕ್ಕೆ ಬಿದ್ದಿದ್ದರೂ ಬಳಕೆಯಲ್ಲಿದ್ದವು. ನೀರನ್ನು ಹಿಡಿದಿಡುವ ರಂಧ್ರಗಳೇ ಸ್ಪಂಜಿನ ಗುಣ. ಒದ್ದೆ, ಬೆಚ್ಚಗಿನ, ಚರ್ಮದ ಜಿಡ್ಡು ತುಂಬಿದ ಅದೇ ರಂಧ್ರಗಳು ಸೂಕ್ಷ್ಮಜೀವಿಗಳಿಗೂ ಮನೆ. ಗಾಯವೋ ಮೊಡವೆಯೋ ಇರುವ ಮುಖಕ್ಕೆ, ಕಣ್ಣಿನ ಅಂಚಿಗೆ ಅದು ತಗಲಿದರೆ ಸೋಂಕು ಹರಡುವುದು ಸುಲಭ.

ಈಗ ಆ ಮೂವತ್ತು ಮಕ್ಕಳ ಸಾಲಿಗೆ ಮರಳಿ ಬನ್ನಿ. ಸ್ಪಂಜೇ ಬೇಕೆಂದರೆ ಮಗುವಿಗೊಂದು ತುಂಡು ಕತ್ತರಿಸಿಕೊಡಿ. ಬಳಸಿದ ಮೇಲೆ ಎಸೆಯಿರಿ, ಇಲ್ಲವೆ ಸಾಬೂನಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕೊಳ್ಳುವಾಗ ಬಿಲ್ಲೆಯ ಬದಲು ಕ್ರೀಮು ಬಣ್ಣ ಆರಿಸಿದರೆ ಇನ್ನೂ ಸುಲಭ. ಶುಚಿಯಾದ ಚಮಚದಿಂದ ಸ್ವಲ್ಪ ಸ್ವಲ್ಪವನ್ನೇ ತೆಗೆದು ಪ್ರತಿಯೊಬ್ಬರಿಗೂ ಬೇರೆ ಎಲೆಯ ತುಂಡಿನ ಮೇಲೆ ಹಾಕಿ. ಮಕ್ಕಳು ಸಾಬೂನಿನಿಂದ ಕೈ ತೊಳೆದುಕೊಂಡು ಬರಲಿ, ಚೌಕಿಯ ಕಲಾವಿದರಂತೆ ಕನ್ನಡಿ ನೋಡಿ ತಮ್ಮ ಮುಖಕ್ಕೆ ತಾವೇ ಹಚ್ಚಿಕೊಳ್ಳಲಿ. ಕೊನೆಯಲ್ಲಿ ನೀವು ತಿದ್ದಿದರಾಯಿತು, ಒಬ್ಬರಾದ ಮೇಲೆ ಕೈ ತೊಳೆದು ಇನ್ನೊಬ್ಬರಿಗೆ.

ರೋಮನ್ ಡಬ್ಬಿಯ ಮೇಲೆ ಗುರುತು ಬಿಟ್ಟ ಸಾಧನ ಪ್ರತಿಯೊಂದು ಮಗುವಿನ ಬಳಿಯೂ ಇದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ತೊಳೆಯುವುದನ್ನು ಮರೆಯಬಾರದು ಅಷ್ಟೆ.